ಬಾಗಿಲು ತಟ್ಟುವ ಸ್ವರ

"ನಿಲ್ಲಿಸಿ, ನಿಲ್ಲಿಸಿ, ನಿಲ್ಲಿಸಿ."

ಬ್ಯಾಂಡ್ ಸರ್ ಎರಡೂ ಕೈ ಮೇಲೆತ್ತಿದರು. ಟ್ರಂಪೆಟ್‌ಗಳು ನಿಂತವು, ಕ್ಲಾರಿನೆಟ್‌ಗಳು ನಿಂತವು. ಡ್ರಮ್ಮಿನವನು ಮಾತ್ರ ಎಂದಿನಂತೆ ಇನ್ನೆರಡು ಏಟು ಹೊಡೆದು ಆಮೇಲೆ ನಿಂತ.

"ಇಲ್ಲಿ ಯಾರೋ ಒಬ್ರು ಬಾಗಿಲು ತಟ್ತಾ ಇಲ್ಲ," ಅಂದರು ಸರ್. "ಬಾಗಿಲ ಮುಂದೆ ನಿಂತ್ಕೊಂಡು ನಿಟ್ಟುಸಿರು ಬಿಡ್ತಾ ಇದಾರೆ."

ಎಲ್ಲರೂ ನಕ್ಕರು. ಚೂಟಿಯೂ ನಕ್ಕಳು. ಆದರೆ ಅವಳ ಕಿವಿ ಬಿಸಿಯಾಯಿತು. ಆ ನಿಟ್ಟುಸಿರು ಅವಳದೇ ಆಗಿತ್ತು.

ಸ್ಕೂಲ್ ಡೇಗಾಗಿ ಸರ್ ತಾವೇ ಒಂದು ಟ್ಯೂನ್ ಕಟ್ಟಿದ್ದರು. ಮನೆಗೆ ನೆಂಟರು ಬರುವ ಟ್ಯೂನ್ ಅದು. ಮೊದಲು ಬಾಗಿಲು ತಟ್ಟುವ ಸದ್ದು, ಆಮೇಲೆ ಮನೆಯವರ ಓಡಾಟ, ಕೊನೆಗೆ ಎಲ್ಲರೂ ಸೇರಿ ಗಲಾಟೆ. ಬಾಗಿಲು ತಟ್ಟುವ ಕೆಲಸ ಐದು ಕ್ಲಾರಿನೆಟ್‌ಗಳದ್ದು. ಒಂದೇ ಸ್ವರವನ್ನು ಮೂರು ಸಲ, ಮತ್ತೆ ಮೂರು ಸಲ. ತು ತು ತು. ತು ತು ತು. ಆಗ ಬೇರೆ ಯಾರೂ ನುಡಿಸುವುದಿಲ್ಲ.

ಬೇರೆಯವರ ಕ್ಲಾರಿನೆಟ್‌ಗಳು ತು ತು ತು ಅನ್ನುತ್ತಿದ್ದವು. ಚೂಟಿಯದು ಹೂ ಹೂ ಹೂ ಅನ್ನುತ್ತಿತ್ತು.

"ನಾಳೆ ಒಬ್ಬೊಬ್ರನ್ನೇ ಕರೆದು ಕೇಳ್ತೀನಿ," ಅಂದರು ಸರ್. "ಟಂಗಿಂಗ್ ಬರದೇ ಇರೋರು ಈ ಸಲ ಟ್ರಯಾಂಗಲ್ ಹೊಡೀಲಿ. ಬೇಜಾರು ಮಾಡ್ಕೊಳ್ಳೋದು ಬೇಡ. ಆದ್ರೆ ಕ್ಲಾರಿನೆಟ್‌ಗೆ ಕಾಯ್ತಾ ಇರೋರು ತುಂಬ ಜನ ಇದಾರೆ. ಅವರಿಗೆ ಕೊಡ್ಬೇಕಾಗುತ್ತೆ."

ಬೇಜಾರು ಮಾಡಿಕೊಳ್ಳಬೇಡ ಅಂದರೆ ಬೇಜಾರು ನಿಲ್ಲುತ್ತದೆಯೇ? ಟ್ರಯಾಂಗಲ್ ಅಂದರೆ ಕಡ್ಡಿಯಿಂದ ಬಡಿಯುವ ಮೂರು ಮೂಲೆಯ ಕಂಬಿ. ಇಡೀ ಟ್ಯೂನಿನಲ್ಲಿ ಅದಕ್ಕೆ ಇರುವುದು ಒಂದೇ ಒಂದು ಟಿಂಗ್. ಚೂಟಿ ತನ್ನ ಮಡಿಲಲ್ಲಿದ್ದ ಕಪ್ಪು ಕ್ಲಾರಿನೆಟ್ಟನ್ನು ನೋಡಿದಳು. ಅದರ ಒಂದು ಗುಂಡಿಯ ಬೆಳ್ಳಿ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತು. ಆ ಗುಂಡಿ ಎಂದರೆ ಅವಳಿಗೆ ತುಂಬ ಇಷ್ಟ.

"ನಿಂಗೇನು ಬಿಡೇ, ಚೆನ್ನಾಗೇ ನುಡಿಸ್ತೀಯ," ಅಂದಳು ಪಕ್ಕದಲ್ಲಿ ಕೂತಿದ್ದ ಡಬ್ಬಿ. ಸದಾ ತಿಂಡಿಡಬ್ಬಿ ಹಿಡಿದುಕೊಂಡೇ ಓಡಾಡುವುದರಿಂದ ಅವಳಿಗೆ ಆ ಹೆಸರು. ಡಬ್ಬಿ ಊದಿದರೆ ಕಿಟಕಿಯ ಗಾಜು ಅದುರುತ್ತದೆ. ಅವಳ ಪಕ್ಕ ಕೂತವರು ಊದಿದರೂ ಒಂದೇ, ಬಿಟ್ಟರೂ ಒಂದೇ. ಚೂಟಿ ಆ ಜಾಗವನ್ನು ಸುಮ್ಮನೆ ಆರಿಸಿಕೊಂಡಿರಲಿಲ್ಲ.

ನಡೆದದ್ದು ಇಷ್ಟು. ಕ್ಲಾರಿನೆಟ್ಟಿನ ಬಾಯಿಗೆ ತೆಳುವಾದ ಒಂದು ಪಟ್ಟಿ ಕಟ್ಟಿರುತ್ತಾರೆ. ಅದನ್ನು ರೀಡ್ ಅನ್ನುತ್ತಾರೆ. ಊದಿದಾಗ ಅದು ನಡುಗುತ್ತದೆ, ಆಗ ಸದ್ದು ಬರುತ್ತದೆ. ಅದರ ತುದಿಯಂತೂ ಎಷ್ಟು ತೆಳು ಎಂದರೆ ಬೆಳಕಿಗೆ ಹಿಡಿದರೆ ಆಚೆಬದಿ ಕಾಣುತ್ತದೆ.

ಮೊದಲ ದಿನವೇ ಚೂಟಿಯ ಸ್ವೆಟರಿನ ನೂಲು ಆ ತುದಿಗೆ ಸಿಕ್ಕಿಕೊಂಡಿತು. ಅವಳು ಎಳೆದಳು. ತುದಿ ಟಿಕ್ ಎಂದು ಮುರಿಯಿತು. ಸರ್ ಬೈಯಲಿಲ್ಲ. ಆದರೆ ಮುರಿದ ರೀಡನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, "ನೋಡಿದ್ರಾ, ಇಷ್ಟೇ ಸಾಕು. ತುದಿ ಮುಟ್ಟಬಾರದು ಅಂದ್ರೆ ಮುಟ್ಟಬಾರದು," ಅಂದರು. ಇಡೀ ಕ್ಲಾಸು ಚೂಟಿಯನ್ನೇ ನೋಡಿತು. ಅವಳಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಅದಾದ ಮೇಲೆ ಅವಳಿಗೆ ಚಿಕನ್ ಪಾಕ್ಸ್ ಬಂತು. ಮೈಯೆಲ್ಲ ಗುಳ್ಳೆ ಎಬ್ಬಿಸಿಕೊಂಡು ಮನೆಯಲ್ಲಿ ಮಲಗಿದಳು. ವಾಪಸು ಬರುವ ಹೊತ್ತಿಗೆ ಎಲ್ಲರಿಗೂ ಟಂಗಿಂಗ್ ಬರುತ್ತಿತ್ತು. ಟಂಗಿಂಗ್ ಎಂದರೆ ನಾಲಿಗೆಯಿಂದ ಸ್ವರಗಳನ್ನು ಬಿಡಿಸಿ ನುಡಿಸುವುದು. ಸರ್ ಅವಳ ಹತ್ತಿರ ಬಂದು, "ತು ತು ಅನ್ನಬೇಕು, ಗಾಳಿ ನಿಲ್ಲಿಸಬಾರದು, ನಾಲಿಗೆ ಮಾತ್ರ ಕೆಲಸ ಮಾಡ್ಬೇಕು. ಗೊತ್ತಾಯ್ತಾ?" ಅಂದರು.

ಚೂಟಿ ಗೊತ್ತಾಯಿತು ಎಂದು ತಲೆಯಾಡಿಸಿದಳು.

ಏನೂ ಗೊತ್ತಾಗಿರಲಿಲ್ಲ. ಅವಳು ರೀಡಿನ ತುದಿಗೆ ಅಪ್ಪಿತಪ್ಪಿಯೂ ತಾಗದಿರಲೆಂದು ನಾಲಿಗೆಯನ್ನು ಬಾಯೊಳಗೆ ಹಿಂದಕ್ಕೆ ಎಳೆದಿಟ್ಟುಕೊಂಡು ಊದುತ್ತಿದ್ದಳು. ಸ್ವರಗಳನ್ನು ಬಿಡಿಸಲು ಗಂಟಲಲ್ಲೇ ಉಸಿರು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದಳು. ಹಳೆಯ ಟ್ಯೂನ್‌ಗಳಲ್ಲಿ ಒಂದು ಸ್ವರ ಆದ ಮೇಲೆ ಬೇರೆ ಸ್ವರ ಬರುತ್ತಿತ್ತು. ಅಲ್ಲಿ ಬೆರಳಾಡಿಸಿದರೆ ಸಾಕು, ಹೇಗೋ ನಡೆಯುತ್ತಿತ್ತು. ಈಗ ಒಂದೇ ಸ್ವರ. ಬೆರಳು ಅಲ್ಲಾಡುವ ಹಾಗೇ ಇಲ್ಲ.

ಅವಳು ಪೆಟ್ಟಿಗೆ ಮುಚ್ಚಿ, ಬೆನ್ನಿಗೆ ಹಾಕಿಕೊಂಡು ಮನೆಗೆ ಹೊರಟಳು. ದಿನಾ ಸಲೀಸಾಗಿ ಹತ್ತುತ್ತಿದ್ದ ಮನೆಯ ಮೆಟ್ಟಿಲು ಇವತ್ತು ಮುಗಿಯಲೇ ಇಲ್ಲ.

ಮನೆಯಲ್ಲಿ ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅಮ್ಮನದು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ, ಈ ವಾರ ಸಂಜೆಯ ಪಾಳಿ.

"ಬಂದ್ಯಾ? ಹಾಲು ಬಿಸಿ ಮಾಡಿಟ್ಟಿದೀನಿ. ಇನ್ನೊಂದು ಕೆಲಸ ಇದೆ ನೋಡು." ಅಮ್ಮ ದನಿ ತಗ್ಗಿಸಿದಳು. "ಹಲ್ಲಿನ ಡಾಕ್ಟರು ಫೋನ್ ಮಾಡಿದ್ರು. ಅಜ್ಜಿ ಹೊಸ ಹಲ್ಲು ಹಾಕ್ಕೊಂಡು ಜೋರಾಗಿ ಓದ್ಬೇಕಂತೆ. ಇಲ್ಲದಿದ್ರೆ ಮಾತು ತಿರುಗಲ್ವಂತೆ. ನಾನು ಹೇಳಿದ್ರೆ ನಂಗೇ ಕಣ್ಣು ಬಿಡ್ತಾರೆ. ನೀನು ಓದಿಸು."

"ನಾನಾ?"

"ನೀನೇ. ಮೊಮ್ಮಗಳ ಮಾತಂದ್ರೆ ಅವರಿಗೆ ಸಕ್ಕರೆ," ಎಂದು ಅಮ್ಮ ಬಾಗಿಲೆಳೆದುಕೊಂಡು ಹೋದಳು.

ಅಜ್ಜಿ ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಹಲ್ಲುಗಳು ಮೇಜಿನ ಮೇಲೆ ಒಂದು ಬಟ್ಟಲು ನೀರಿನಲ್ಲಿ ಕೂತಿದ್ದವು. ಅಜ್ಜಿ ಮುಖ ಊದಿಸಿಕೊಂಡಿದ್ದಳು. ಹಲ್ಲುಗಳು ಮಾತ್ರ ನಗುತ್ತಿದ್ದವು.

ಈ ಅಜ್ಜಿ ಸುಮ್ಮನಿರುವ ಅಜ್ಜಿಯೇ ಅಲ್ಲ. ಮೂವತ್ತು ವರ್ಷ ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂತು ಮಾತಾಡಿದವಳು. "ತಡೀರಿ, ಹತ್ತನೇ ವಾರ್ಡಿಗೆ ಕೊಡ್ತೀನಿ," ಎಂದು ಅವಳು ಹೇಳಿದರೆ ಅಳುತ್ತಿದ್ದವರೂ ಅಳು ನಿಲ್ಲಿಸಿ ಕೇಳುತ್ತಿದ್ದರಂತೆ. ಅಷ್ಟು ಸ್ಪಷ್ಟ ದನಿ. ಈಗ ಹೊಸ ಹಲ್ಲು ಬಂದಾಗಿನಿಂದ ಎಲ್ಲದಕ್ಕೂ ಬರೀ ತಲೆಯಾಡಿಸುವುದು. ಊಟ ಬೇಕಾ? ತಲೆ. ಫ್ಯಾನ್ ಹಾಕ್ಲಾ? ತಲೆ. ದಿನಾ ಸಂಜೆ ಫೋನ್ ಮಾಡುವ ಸ್ವಂತ ತಂಗಿಯ ಹತ್ತಿರವೂ ಮಾತಿಲ್ಲ.

ಚೂಟಿ ಒಳಗೆ ಬರುವುದಕ್ಕೂ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅಜ್ಜಿ ಮೊಬೈಲನ್ನು ಅವಳ ಕಡೆ ತಳ್ಳಿ, ಕೆನ್ನೆಯ ಕೆಳಗೆ ಕೈಯಿಟ್ಟು ತೋರಿಸಿದಳು. ಮಲಗಿದೀನಿ ಅಂತ ಹೇಳು ಎಂದು ಅರ್ಥ.

"ಚಿಕ್ಕಜ್ಜಿ, ಅಜ್ಜಿ ಮಲಗಿದಾಳೆ."

"ಮತ್ತೆ ಮಲಗಿದಾಳಾ?" ಅತ್ತಲಿಂದ ಚಿಕ್ಕಜ್ಜಿಯ ದನಿ ಕೋಣೆಗೆಲ್ಲ ಕೇಳಿಸಿತು. "ಬಿಸಿಲಿರುವಾಗಲೇ ಮಲಗೋಕೆ ಅವಳೇನು ಗೂಬೆನಾ? ನನ್ಮೇಲೆ ಏನಾದ್ರೂ ಸಿಟ್ಟಾ ಕೇಳು. ಇಷ್ಟು ದಿನ ಮಾತಾಡದೆ ಇದ್ದೋಳೇ ಅಲ್ಲ."

ಕೊನೆಯ ಮಾತಿಗೆ ಚಿಕ್ಕಜ್ಜಿಯ ದನಿ ಸಣ್ಣಗಾಗಿತ್ತು. ಅಜ್ಜಿ ಕಿಟಕಿಯ ಕಡೆ ತಿರುಗಿಕೊಂಡಳು.

ಫೋನ್ ಇಟ್ಟ ಮೇಲೆ ಚೂಟಿ ಬಟ್ಟಲನ್ನು ಅಜ್ಜಿಯ ಮುಂದೆ ಇಟ್ಟಳು. "ಹಾಕ್ಕೋ. ಅಮ್ಮ ನನ್ನನ್ನ ಟೀಚರ್ ಮಾಡಿ ಹೋಗಿದಾಳೆ."

ಅಜ್ಜಿ ಎರಡೂ ಕೈಯಲ್ಲಿ ಹಲ್ಲುಗಳನ್ನು ಎತ್ತಿಕೊಂಡಳು. ಮೊಟ್ಟೆ ಹಿಡಿದವರಂತೆ ಮೆಲ್ಲಗೆ ಬಾಯೊಳಗೆ ಕೂರಿಸಿದಳು. ಆಮೇಲೆ ಪೇಪರು ಹಿಡಿದು ಓದಿದಳು.

"ನಾಳೆ ಹಗುರ ಮಳೆ ಸಾಧ್ಯತೆ" ಎಂದು ಪೇಪರಿನಲ್ಲಿತ್ತು. ಅಜ್ಜಿಯ ಬಾಯಿಂದ ಬಂದದ್ದು ಬೇರೆಯೇ. ಕಡೆಯ ಪದವಂತೂ "ಸಾ... ಹ್ಯ... ಹೆ" ಎಂದು ಮೂರು ತುಂಡಾಗಿ ಬಿತ್ತು. ತುಂಡು ತುಂಡಿಗೂ ಉಸಿರು ನಿಲ್ಲುತ್ತಿತ್ತು.

"ಗಾಳಿ ನಿಲ್ಲಿಸಬೇಡ ಅಜ್ಜಿ," ಅಂದಳು ಚೂಟಿ, ಸರ್ ಮಾಡುವ ಹಾಗೆಯೇ ಕೈ ಮೇಲೆತ್ತಿ. "ತ ಅನ್ನು."

"ಹ."

"ತ."

"ಹ," ಅಂದಳು ಅಜ್ಜಿ ಸಿಟ್ಟಿನಿಂದ.

"ನಾಲಿಗೆ ಎಲ್ಲಿಟ್ಕೊಂಡಿದೀಯ? ತೋರಿಸು."

ಅಜ್ಜಿ ಬಾಯಿ ತೆರೆದಳು. ಚೂಟಿ ಬಗ್ಗಿ ನೋಡಿದಳು. ಅಜ್ಜಿಯ ನಾಲಿಗೆ ಹೆದರಿದ ಬೆಕ್ಕಿನ ಹಾಗೆ ಬಾಯಿಯ ಹಿಂಬದಿಯಲ್ಲಿ ಮುದುಡಿ ಕೂತಿತ್ತು.

"ಯಾಕೆ ಅಲ್ಲಿಟ್ಟಿದೀಯ?"

ಅಜ್ಜಿ ಹಲ್ಲುಗಳನ್ನು ತೆಗೆದು ಬಟ್ಟಲಿಗೆ ಹಾಕಿದಳು. ಹಲ್ಲಿಲ್ಲದೆ ಅವಳ ಮಾತು ಮೆತ್ತಗಿದ್ದರೂ ಅರ್ಥವಾಗುತ್ತಿತ್ತು. "ಡಾಕ್ಟರು ಹೇಳಿದ್ರಲ್ಲ, ಜೋಪಾನ, ಒಡೆದು ಹೋಗುತ್ತೆ ಅಂತ. ನಾಲಿಗೆ ತಾಗಿ ಏನಾದ್ರೂ ಆದ್ರೆ?"

ಚೂಟಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಬಿದ್ದಳು. "ಅಜ್ಜೀ, ಕೈಜಾರಿ ನೆಲಕ್ಕೆ ಬಿದ್ರೆ ಒಡೆಯುತ್ತೆ ಅಂತ ಅವರು ಹೇಳಿದ್ದು. ನಾಲಿಗೆ ತಾಗಿದ್ರೆ ಒಡೆಯುತ್ತಾ? ನಾಲಿಗೆ ತಾಗೋಕೇ ಅಲ್ವಾ ಅದು ಬಾಯೊಳಗೆ ಇರೋ..."

ನಗು ಅರ್ಧಕ್ಕೇ ನಿಂತುಹೋಯಿತು.

ಚೂಟಿ ಎದ್ದು ಕೂತಳು. ಬಾಗಿಲ ಬಳಿ ಇಟ್ಟಿದ್ದ ಕಪ್ಪು ಪೆಟ್ಟಿಗೆಯನ್ನು ನೋಡಿದಳು. ಮುರಿದ ರೀಡು ಎತ್ತಿ ಹಿಡಿದ ಸರ್ ಕಣ್ಣಿಗೆ ಬಂದರು. ಅವರು ಹೇಳಿದ್ದು ಕೈಯಿಂದ, ಸ್ವೆಟರಿನಿಂದ ಮುಟ್ಟಬಾರದು ಅಂತ ಇರಬಹುದೇ? ನಾಲಿಗೆ ಮಾತ್ರ ಕೆಲಸ ಮಾಡಬೇಕು ಅಂದಿದ್ದರಲ್ಲ. ಯಾವ ಕೆಲಸ? ಬಾಯೊಳಗೆ ನಾಲಿಗೆಯ ಎದುರಿಗೆ ಇರುವುದು ಆ ರೀಡಿನ ತುದಿ ಒಂದೇ.

"ಏನಾಯ್ತೇ? ಮುಖ ಯಾಕೆ ಹಾಗಾಯ್ತು?" ಅಂದಳು ಅಜ್ಜಿ.

ಚೂಟಿ ಎಲ್ಲವನ್ನೂ ಹೇಳಿದಳು. ಸ್ವೆಟರ್, ರೀಡು, ಚಿಕನ್ ಪಾಕ್ಸ್, ಡಬ್ಬಿಯ ಪಕ್ಕದ ಜಾಗ, ನಾಳೆಯ ಪರೀಕ್ಷೆ, ಟ್ರಯಾಂಗಲ್. ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಯಾರಿಗೂ ಹೇಳದೆ ಇಟ್ಟುಕೊಂಡದ್ದು ಇಷ್ಟೊಂದಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಅಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದಳು. ಆಮೇಲೆ ಅಜ್ಜಿಯ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಳು. "ಒಳ್ಳೇ ಜೋಡಿ ಕಣೇ ನಾವಿಬ್ರೂ. ತೆಗಿ ನಿನ್ನ ಪೀಪಿ."

"ಕ್ಲಾರಿನೆಟ್, ಅಜ್ಜಿ."

"ಅದೇ. ತೆಗಿ."

ಚೂಟಿ ಕ್ಲಾರಿನೆಟ್ ಜೋಡಿಸಿದಳು. ಅಜ್ಜಿ ಹಲ್ಲು ಜೋಡಿಸಿಕೊಂಡಳು. ಇಬ್ಬರೂ ಎದುರುಬದುರು ಕೂತರು.

ಚೂಟಿ ಊದಿದಳು. ಊದುತ್ತಲೇ ಕಣ್ಣು ಬಿಗಿಯಾಗಿ ಮುಚ್ಚಿ ನಾಲಿಗೆಯನ್ನು ಮುಂದಕ್ಕೆ ತಂದಳು. ತುದಿಗೆ ತುದಿ ತಾಗಿತು. ನಾಲಿಗೆಯ ಮೇಲೆ ನೂರು ಇರುವೆ ಓಡಿದ ಹಾಗಾಯಿತು. ಅವಳು ಕ್ಲಾರಿನೆಟ್ ಕಿತ್ತು ನಾಲಿಗೆಯನ್ನು ಸ್ವೆಟರಿನ ತೋಳಿಗೆ ಉಜ್ಜಿಕೊಂಡಳು. "ಅಯ್ಯೋ, ಕಚಗುಳಿ."

"ಮುರೀಹಾ?"

ಚೂಟಿ ರೀಡನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಆಗಿರಲಿಲ್ಲ. "ಇಲ್ಲ."

ನಂದೂ ನೋಡು ಎಂದು ಸನ್ನೆ ಮಾಡಿ ಅಜ್ಜಿ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿದಳು. ತುಂಬ ಜೋರಾಗಿ ಒತ್ತಿದಳು. "ತ್ಥಾ" ಎಂದು ಬಂತು, ಜತೆಗೆ ಒಂದಿಷ್ಟು ಉಗುಳು ಪೇಪರಿನ ಮೇಲೆ ಬಿತ್ತು. ಹಲ್ಲು ಅಲ್ಲೇ ಇತ್ತು.

ಚೂಟಿಯೂ ಜೋರಾಗಿಯೇ ಶುರು ಮಾಡಿದಳು. ಕ್ಲಾರಿನೆಟ್ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಕೆಳಗಿನ ಮನೆಯವರು ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.

"ಒದೀಬೇಡ್ವೇ ಅದಕ್ಕೆ," ಅಂದಳು ಅಜ್ಜಿ, ತೊದಲುತ್ತಲೇ. "ಹೀಗೆ. ಮುಟ್ಟು, ಬಿಡು. ತ. ಮುಟ್ಟು, ಬಿಡು. ಉಸಿರಿನ ಪಾಡಿಗೆ ಉಸಿರು ಹೋಗ್ತಾ ಇರ್ಲಿ. ತ. ತ. ತಡೀರಿ." ಅಜ್ಜಿ ಥಟ್ಟನೆ ಮಾತು ನಿಲ್ಲಿಸಿದಳು. ತನ್ನ ಬಾಯಿಂದ ಬಂದದ್ದನ್ನು ತಾನೇ ನಂಬದವಳಂತೆ ಕೆನ್ನೆ ಮುಟ್ಟಿಕೊಂಡಳು. ಮತ್ತೊಮ್ಮೆ ಮೆಲ್ಲಗೆ ಹೇಳಿದಳು. "ತಡೀರಿ. ಹತ್ತನೇ ವಾರ್ಡಿಗೆ ಕೊಡ್ತೀನಿ."

ಒಂದೆರಡು ಅಕ್ಷರ ಇನ್ನೂ ಎಡವುತ್ತಿತ್ತು. ಆದರೆ ಅದು ಅಜ್ಜಿಯ ದನಿಯೇ.

ಚೂಟಿ ಉದ್ದಕ್ಕೆ ಒಂದು ಸ್ವರ ಊದಿದಳು. ಗಾಳಿಯನ್ನು ನಿಲ್ಲಿಸಲಿಲ್ಲ. ನಾಲಿಗೆಯ ತುದಿಯಿಂದ ರೀಡನ್ನು ಸುಮ್ಮನೆ ಮುಟ್ಟಿ ಬಿಟ್ಟಳು. ಮತ್ತೆ ಮುಟ್ಟಿ ಬಿಟ್ಟಳು. ಉದ್ದದ ಸ್ವರ ತುಂಡಾಯಿತು. ತು ತು ತು.

ಅಮ್ಮ ಕೆಲಸದಿಂದ ಬರುವವರೆಗೂ ಆ ಕೋಣೆಯಲ್ಲಿ ತ ಮತ್ತು ತು ನಡೆದೇ ಇತ್ತು.

ಮರುದಿನ ಬ್ಯಾಂಡ್ ರೂಮಿನಲ್ಲಿ ಡಬ್ಬಿ ಮೊದಲು ನುಡಿಸಿದಳು. ಕಿಟಕಿಯ ಗಾಜು ಅದುರಿತು. ಸರ್, "ಬಾಗಿಲು ಮುರಿಯೋದು ಬೇಡಮ್ಮ, ತಟ್ಟಿದ್ರೆ ಸಾಕು," ಅಂದರು. ಇನ್ನಿಬ್ಬರು ನುಡಿಸಿದರು. ಆಮೇಲೆ ಚೂಟಿಯ ಸರದಿ.

ಅವಳ ಬಾಯಿ ಒಣಗಿತ್ತು. ರೀಡನ್ನು ತುಟಿಗಿಟ್ಟು ಊದಿದಳು. ಕೀಂಯ್ ಎಂದಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ಆ ಕಡೆ ಒಂದು ನೋಟ ಬೀರಿ, "ಇನ್ನೊಂದ್ಸಲ," ಅಂದರು.

ಚೂಟಿಯ ನಾಲಿಗೆ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಹೋಗಿ ಕೂತಿತ್ತು. ಅದಕ್ಕೆ ಹಳೆಯ ಜಾಗವೇ ಇಷ್ಟ. ಅಲ್ಲಿದ್ದರೆ ಏನೂ ಮುರಿಯುವುದಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅಲ್ಲಿದ್ದರೆ ಬರುವುದು ಬರೀ ನಿಟ್ಟುಸಿರು. ಅವಳಿಗೆ ಅಜ್ಜಿಯ ಬಾಯೊಳಗಿನ ಹೆದರಿದ ಬೆಕ್ಕು ನೆನಪಾಯಿತು. ನಗು ಬಂದು ತುಟಿ ಸಡಿಲವಾಯಿತು. ಅವಳು ನಾಲಿಗೆಯನ್ನು ಮುಂದಕ್ಕೆ ತಂದಳು.

ತು ತು ತು. ತು ತು ತು.

ಸರ್ ಕುರ್ಚಿ ಎಳೆದು ಅವಳೆದುರು ಕೂತರು. "ನಿನ್ನೆ ನಿಟ್ಟುಸಿರು ಬಿಡ್ತಾ ಇದ್ದೋಳು ನೀನೇ ಅಲ್ವಾ?"

"ಹೌದು ಸರ್."

"ಇವತ್ತು ಹೇಗೆ ಬಂತು?"

ಚೂಟಿ ನೆಲ ನೋಡಿದಳು. "ನೀವು ತುದಿ ಮುಟ್ಟಬಾರದು ಅಂದಿದ್ರಿ. ನಾಲಿಗೆನೂ ಮುಟ್ಟಬಾರದು ಅಂದ್ಕೊಂಡಿದ್ದೆ ಸರ್."

ಸರ್ ತಲೆ ಕೆರೆದುಕೊಂಡರು. "ಇಷ್ಟು ದಿನ ನಾಲಿಗೆ ಮುಟ್ಟಿಸದೇ ಊದಿದ್ಯಾ? ಬಂದು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಗೊತ್ತಿಲ್ಲ ಅಂತ ಗೊತ್ತಾಗ್ತಿತ್ತಲ್ಲ ಸರ್."

ಸರ್ ನಗಲಿಲ್ಲ. "ಅವತ್ತು ನಾನು ಆ ರೀಡನ್ನ ಹಾಗೆ ಎತ್ತಿ ತೋರಿಸ್ಬಾರ್ದಿತ್ತು," ಅಂದರು. ಆಮೇಲೆ ಎಲ್ಲರ ಕಡೆ ತಿರುಗಿ, "ಬೇರೆ ಯಾರಿಗೆ ಏನು ಗೊತ್ತಿಲ್ಲ? ಈಗಲೇ ಹೇಳಿ, ಬೈಯಲ್ಲ," ಅಂದರು.

ಮೆಲ್ಲಗೆ ಒಂದು ಟ್ರಂಪೆಟ್ಟಿನ ಕೈ ಮೇಲೆದ್ದಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಅರ್ಧ ರೂಮಿನ ಕೈಗಳು ಮೇಲಿದ್ದವು. ಡ್ರಮ್ಮಿನವನು ಎರಡೂ ಕೈ ಎತ್ತಿದ್ದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಮೊದಲಿನಿಂದಲೂ ಗೊತ್ತಿರಲಿಲ್ಲವಂತೆ.

"ಶಿವನೇ," ಎಂದು ಸರ್ ಕುರ್ಚಿಗೆ ಒರಗಿದರು. ಆಮೇಲೆ ಚೂಟಿಗೆ, "ನಿನ್ನ ಕ್ಲಾರಿನೆಟ್ ನಿನ್ನತ್ರಾನೇ ಇರ್ಲಿ. ಬಾಗಿಲು ತಟ್ತಾ ಇದೀಯ. ಆದ್ರೆ ಇನ್ನೂ ಹೆದರ್ಕೊಂಡು ತಟ್ತಾ ಇದೀಯ. ಒಳಗಿರೋರಿಗೆ ಕೇಳಿಸ್ಬೇಕು," ಅಂದರು.

ಚೂಟಿಗೆ ಉಸಿರು ಹಗುರಾಯಿತು. ಸಂಜೆ ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಹತ್ತಿದಳು. ಅಜ್ಜಿಗೆ ಹೇಳಬೇಕಿತ್ತು, ಈಗಲೇ ಹೇಳಬೇಕಿತ್ತು.

ಅಜ್ಜಿಗೆ ಪುರುಸೊತ್ತಿರಲಿಲ್ಲ. ಅಜ್ಜಿ ಫೋನಿನಲ್ಲಿದ್ದಳು.

"ಸಿಟ್ಟೂ ಇಲ್ಲ ಗಿಟ್ಟೂ ಇಲ್ಲ ಕಣೇ ತಂಗಿ. ಹಲ್ಲಿನ ಸಂಕಟ. ನಿನ್ಹತ್ರ ಮಾತಾಡೋಕೆ ನಾಚಿಕೆ ಆಗ್ತಿತ್ತು. ಹ್ಞೂ, ನಿನ್ಹತ್ರಾನೇ. ನಗ್ಬೇಡ. ತಡಿ, ಪೂರ್ತಿ ಕೇಳು."

ಚೂಟಿ ಪೆಟ್ಟಿಗೆ ತಬ್ಬಿಕೊಂಡು ನೆಲದ ಮೇಲೆ ಕೂತಳು. ಬೇರೆ ದಿನವಾಗಿದ್ದರೆ ಅಜ್ಜಿಯ ಸೆರಗು ಎಳೆದು ಎಳೆದು ಕಾಡುತ್ತಿದ್ದಳು. ಇವತ್ತು ಎಳೆಯಲಿಲ್ಲ. ಅಜ್ಜಿಯ ಮಾತು ಎಲ್ಲೂ ನಿಲ್ಲದೆ ಹರಿಯುತ್ತಿತ್ತು. ಇಷ್ಟೊಂದು ಮಾತು ಇಷ್ಟು ದಿನ ಆ ಕಿಟಕಿಯ ಪಕ್ಕದಲ್ಲೇ ಸುಮ್ಮನೆ ಕೂತಿತ್ತು. ಮನೆಯವರೆಲ್ಲ ಅಜ್ಜಿಗೆ ಮಾತು ಬೇಡವಾಗಿದೆ ಅಂದುಕೊಂಡಿದ್ದರು. ಚೂಟಿ ಚೆನ್ನಾಗಿ ನುಡಿಸುತ್ತಾಳೆ ಎಂದು ಡಬ್ಬಿ ಅಂದುಕೊಂಡಿರಲಿಲ್ಲವೇ, ಹಾಗೆ.

ಅಜ್ಜಿಗೆ ಕಡೆಗೂ ಅವಳು ಕಣ್ಣಿಗೆ ಬಿದ್ದಳು. ಹುಬ್ಬು ಮೇಲೇರಿಸಿ ಏನಾಯಿತು ಎಂದು ಕೇಳಿದಳು.

ಚೂಟಿ ಪೆಟ್ಟಿಗೆ ಬಿಚ್ಚಿ ಕ್ಲಾರಿನೆಟ್ ಜೋಡಿಸಿದಳು. ಅಜ್ಜಿಗೆ ಅರ್ಥವಾಯಿತು. ಸ್ಪೀಕರ್ ಒತ್ತಿ, ಫೋನನ್ನು ಮಂಚದ ಮೇಲಿಟ್ಟು, ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು.

ತು ತು ತು. ತು ತು ತು.

ಅತ್ತ ಚಿಕ್ಕಜ್ಜಿಯ ಮಾತು ನಿಂತಿತು.

"ಅಕ್ಕಾ," ಅಂದಳು ಚಿಕ್ಕಜ್ಜಿ, "ಯಾರೋ ಬಾಗಿಲು ತಟ್ತಾ ಇರೋ ಹಾಗಿದೆ. ಹೋಗಿ ತೆಗಿಯೇ."

ಅಜ್ಜಿ ಚೂಟಿಯ ಮುಖ ನೋಡಿದಳು. ಅವಳ ಹೊಸ ಹಲ್ಲುಗಳೆಲ್ಲ ಕಾಣುತ್ತಿದ್ದವು.

"ತಡಿ ತಂಗಿ," ಅಂದಳು. "ಬಂದೋರು ಒಳಗೇ ಇದಾರೆ."